ರೇಡಿಯೋ ಪರವಾನಗಿಯ ಜಮಾಖರ್ಚು

ರೇಡಿಯೋ ಕೇಳುವುದಕ್ಕೂ ಸರ್ಕಾರಕ್ಕೆ ಹಣ ತೆರಬೇಕಾಗಿದ್ದ ಕಾಲವೊಂದಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಬರುವುದು ನಮ್ಮ ಹಿರಿಯರಿಗೆ ರೂಢಿಯಾಗಿತ್ತು. ಆ ಕಡ್ಡಾಯ ಶುಲ್ಕ ನ್ಯಾಯವಾದುದೇ? ಬ್ಯಾಂಕಿನ ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುವ ನಾವು ಅದರ ಚರಿತ್ರೆಯನ್ನೂ ಜಮಾಖರ್ಚಿನ ಕಣ್ಣಿನಿಂದಲೇ ನೋಡಬಯಸುತ್ತೇವೆ.

1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರ ಆರಂಭವಾಯಿತು, ಮರುತಿಂಗಳು ಕಲ್ಕತ್ತೆಯಲ್ಲಿ. ಪರವಾನಗಿಗೆ ವರ್ಷಕ್ಕೆ 10 ರೂಪಾಯಿ. ಅದರಲ್ಲಿ 8 ರೂಪಾಯಿ ಕಂಪನಿಯ ಪಾಲು. ಆದರೆ ಕಂಪನಿ ಬದುಕಿದ್ದಷ್ಟು ದಿನವೂ ಪರವಾನಗಿಗಳ ಸಂಖ್ಯೆ 8,000 ಮುಟ್ಟಲಿಲ್ಲ. ಅಂದಮೇಲೆ ಶುಲ್ಕದಿಂದ ವರ್ಷಕ್ಕೆ 64,000 ರೂಪಾಯಿಯೂ ಹುಟ್ಟದು. ಅಷ್ಟರಲ್ಲಿ ಎರಡು ಕೇಂದ್ರಗಳು ನಡೆದಾವೆ? 1930ರ ಮಾರ್ಚಿನಲ್ಲಿ ಕಂಪನಿ ಮುಳುಗಿತು. ಏಪ್ರಿಲಿನಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. 1931ರ ಅಕ್ಟೋಬರಿನಲ್ಲಿ ನಷ್ಟದ ಕಾರಣ ಹೇಳಿ ಸರ್ಕಾರವೂ ಬಾಗಿಲು ಹಾಕಹೊರಟಿತು. ಕೇಳುಗರೂ ವರ್ತಕರೂ ಪ್ರತಿಭಟಿಸಿದರು. ಮರುತಿಂಗಳೇ ಆ ನಿರ್ಧಾರ ರದ್ದಾಯಿತು. 1933ರ ಕಾಯಿದೆ ಪರವಾನಗಿಯಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಸಾರಿತು.

ನಮ್ಮ ಮೈಸೂರಿನ ಕಥೆ ಬೇರೆ. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಆದರೆ ಒಬ್ಬರ ಉತ್ಸಾಹದಿಂದ ಹುಟ್ಟಿದ ಕೇಂದ್ರಕ್ಕೂ ಬಾಳುವುದಕ್ಕೆ ಸಾರ್ವಜನಿಕರ ಹಣವೇ ಬೇಕಾಯಿತು. ಮುಂದೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು.

1967ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ಮುಂಬಯಿ, ಪುಣೆ, ನಾಗಪುರಗಳ ವಿವಿಧ ಭಾರತಿಯಲ್ಲಿ ಜಾಹೀರಾತು ಕಾಲಿಟ್ಟಿತು. 1980ರ ದಶಕದಲ್ಲಿ ಪರವಾನಗಿ ಶುಲ್ಕ ರದ್ದಾಯಿತು. ಶುಲ್ಕ ಹೋಯಿತು, ಖರ್ಚು ಹೋಗಲಿಲ್ಲ. 1997ರಲ್ಲಿ ಸ್ಥಾಪಿತವಾದ ಪ್ರಸಾರ ಭಾರತಿಗೆ ಸರ್ಕಾರದ ಅನುದಾನವೇ ಮುಖ್ಯ ಆಸರೆ. ಅದು ನಮ್ಮೆಲ್ಲರ ತೆರಿಗೆಯ ಹಣ.

ಸಿರಿವಂತನಿಗೂ ಕೂಲಿಕಾರನಿಗೂ ಒಂದೇ ದರ ವಿಧಿಸುತ್ತಿದ್ದ ಹಳೆಯ ಶುಲ್ಕ ಮರಳಿ ಬರಬೇಕೆಂದು ನಾವು ಹೇಳಲಾರೆವು. ಆದರೆ ಜಾಹೀರಾತನ್ನೇ ನಂಬಿ ಕುಳಿತರೂ ಕೆಟ್ಟೆವು. ಹೆಚ್ಚು ಕಿವಿಗಳಿರುವಲ್ಲಿಗೇ ಅದರ ಓಟ. ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಂಥ ಸಣ್ಣ ಗುಂಪು ಅದರ ಕಣ್ಣಿಗೆ ಬೀಳದು. ಇಂಥವರ ನುಡಿಗೆ ಸಾರ್ವಜನಿಕ ಹಣವೇ ಗತಿ. ಶುಲ್ಕದ ರಸೀದಿ ಕೈಯಲ್ಲಿದ್ದಾಗ ಹಿರಿಯರು ಹಕ್ಕಿನಿಂದ ಮಾತಾಡಿದರು. ರಸೀದಿಯಿಲ್ಲದಿದ್ದರೂ ನಾವು ಇಂದಿಗೂ ಕೊಡುತ್ತಲೇ ಇದ್ದೇವೆ. ಕೊಟ್ಟವರು ಬಾನುಲಿಯನ್ನು ಕೇಳಿದರೆ ಸಾಲದು, ಲೆಕ್ಕವನ್ನೂ ಕೇಳಬೇಕು.