ಮೋರಿಯ ಮುಚ್ಚಳ

ಆದವಾನಿಯ ಬೆಟ್ಟವನ್ನು ಹತ್ತಿಸಿ ಮಕ್ಕಳಿಗೆ ಕೋಟೆಯನ್ನು ತೋರಿಸುವಾಗ ನಾವು ಉಪಾಧ್ಯಾಯರು ಹೇಳುವ ಪಾಠ ಬಹುಮಟ್ಟಿಗೆ ಒಂದೇ. ಈ ದುರ್ಗವು ವಿಜಯನಗರದ ಅರಸರ ಕೈಯಲ್ಲಿತ್ತು. 1568ರಲ್ಲಿ ಬಿಜಾಪುರದ ಆದಿಲಶಾಹಿಗಳ ವಶವಾಯಿತು. 1688ರಲ್ಲಿ ಸಿದ್ದಿ ಮಸೂದಖಾನನ ಕೈತಪ್ಪಿ ಮೊಗಲರಿಗೆ ಸೇರಿತು. 1800ರಲ್ಲಿ ಕಂಪನಿಯ ಆಳ್ವಿಕೆಗೆ ಬಂದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಇಷ್ಟು ಹೇಳಿ ಬೆಟ್ಟವಿಳಿಯುತ್ತೇವೆ. ಇಲ್ಲಿ ಬಾಳಿದ ಜನರು ಮಿಂದ ನೀರು, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಯಿತೆಂಬುದನ್ನು ಪಠ್ಯಪುಸ್ತಕವೂ ಹೇಳದು, ನಾವೂ ಹೇಳೆವು. ಆದರೆ ಊರಿನ ಆರೋಗ್ಯದಲ್ಲಿ ಬಚ್ಚಲ ಮೋರಿಗಿರುವ ಪಾಲು ಸಣ್ಣದಲ್ಲ.

ಮೋರಿಯ ಇತಿಹಾಸ ಬಹು ಹಳೆಯದು. ಕ್ರಿಸ್ತಪೂರ್ವ 2500ರ ಸುಮಾರಿನ ಮೊಹೆಂಜೊದಾರೊ ಪಟ್ಟಣದಲ್ಲಿ ಮೇಲಂತಸ್ತಿನ ನೀರನ್ನು ಇಳಿಸಲು ಸುಟ್ಟ ಮಣ್ಣಿನ ಕೊಳವೆಗಳಿದ್ದುವು. ಆ ನೀರು ಬೀದಿಯ ಇಟ್ಟಿಗೆಯ ಚರಂಡಿಗೆ ಸೇರುತ್ತಿತ್ತು. ಅಲ್ಲಲ್ಲಿ ಹೂಳು ತಂಗಲು ಗುಂಡಿಗಳಿದ್ದುವು. ಚರಂಡಿಯ ಮೇಲೆ ಎತ್ತಿ ತೆಗೆಯಬಹುದಾದ ಇಟ್ಟಿಗೆಗಳನ್ನೂ ಚಪ್ಪಡಿಗಳನ್ನೂ ಮುಚ್ಚಿದ್ದರು. ಮೋರಿಯೆಂಬುದು ಒಂದಲ್ಲ ಒಂದು ದಿನ ಕಟ್ಟಿಕೊಂಡೇ ತೀರುವುದೆಂದು ಬಲ್ಲವರ ಕೆಲಸವದು.

ಆದವಾನಿಯನ್ನು ಆಳಿದ ಎರಡು ರಾಜಧಾನಿಗಳೂ ಕೊಳವೆಯ ವಿದ್ಯೆಯನ್ನು ಬಲ್ಲವೇ. ಹಂಪೆಯ ಅರಮನೆಯ ಆವರಣದಲ್ಲಿ ಕಲ್ಲಿನ ಕಾಲುವೆಗಳನ್ನೂ ಮಣ್ಣಿನ ಕೊಳವೆಗಳನ್ನೂ ಇಂದಿಗೂ ಕಾಣಬಹುದು. ಬಿಜಾಪುರಕ್ಕೆ 1651ರಲ್ಲಿ ಕಟ್ಟಿದ ಬೇಗಂ ಕೆರೆಯಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದ್ದರು. ಅವುಗಳಲ್ಲಿ ನೀರಿನ ಒತ್ತಡ ತಗ್ಗುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು. ಇವು ಶುದ್ಧಜಲದ ಕೊಳವೆಗಳೆಂಬುದು ನಿಜ. ಆದರೂ ಕೊಳವೆಯ ಧರ್ಮ ಒಂದೇ. ನಡುನಡುವೆ ಹೂಳಿಗೊಂದು ತಾಣವಿಲ್ಲದಿದ್ದರೆ ಅದು ಬಾಳದು.

ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಣಗಳು ಬೆಳೆದಂತೆ ಈ ಪಾಠವನ್ನು ಲೋಕವು ಮತ್ತೆ ಕಲಿಯಬೇಕಾಯಿತು. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವುದೇ ಕಷ್ಟವಾದಾಗ, ಲಂಡನ್ನಿನವರು ಜೋಸೆಫ್ ಬಜಲ್ಜೆಟ್ ಎಂಬ ಎಂಜಿನಿಯರನಿಂದ ಮಹಾ ಒಳಚರಂಡಿಯನ್ನು ಕಟ್ಟಿಸಿದರು. ನಮ್ಮಲ್ಲಿ 1898ರ ಪ್ಲೇಗು ಆ ಕೆಲಸ ಮಾಡಿತು. ಇಕ್ಕಟ್ಟಾದ ಬೆಂಗಳೂರಿನ ಹೊರಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುವು. ಮೆರುಗು ಕೊಟ್ಟ ಜೇಡಿಯ ಕೊಳವೆ, ಎರಕದ ಕಬ್ಬಿಣ, ಸಿಮೆಂಟು, ಈಗ ಪ್ಲಾಸ್ಟಿಕ್, ಹೀಗೆ ಕೊಳವೆಗಳು ಬದಲಾದುವು.

ನಮ್ಮ ಸೀಮೆಗೆ ಇನ್ನೊಂದು ತೊಡಕುಂಟು. ಆದವಾನಿ, ಆಲೂರು ಕಡೆಯ ಎರೆಭೂಮಿ ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರೊಳಗೆ ಹೂತ ಜೇಡಿಯ ಕೊಳವೆಯ ಸಿಮೆಂಟಿನ ಬೆಸುಗೆ ಬಿಡುತ್ತದೆ. ಬಿಟ್ಟಲ್ಲಿ ಮರದ ಬೇರು ನುಗ್ಗುತ್ತದೆ. ಆದುದರಿಂದ ಕೊಳವೆಯ ಕೆಳಗೂ ಸುತ್ತಲೂ ಮರಳು ತುಂಬಬೇಕು. ನಾಲ್ಕಂಗುಲದ ಕೊಳವೆಗೆ 40 ಅಡಿಗೆ 1 ಅಡಿ, ಆರಂಗುಲದ್ದಕ್ಕೆ 60 ಅಡಿಗೆ 1 ಅಡಿ ಇಳಿಜಾರು ಇರಬೇಕೆಂಬುದು ಹಳೆಯ ಲೆಕ್ಕ. ಹೋಟೆಲಿನವರು ಜಿಡ್ಡು ತಂಗಲು ಒಂದು ತೊಟ್ಟಿಯನ್ನಿಟ್ಟು ಅದನ್ನು ಆಗಾಗ ಬಳಿಯಬೇಕು. ತಿರುವಿದ್ದೆಡೆಯೆಲ್ಲ ತೆರೆಯಲು ಬರುವ ಮುಚ್ಚಳವಿರಬೇಕು.

ಮುಚ್ಚಳವಿಲ್ಲದಿದ್ದರೆ ಏನಾಗುವುದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಅಂದಕ್ಕೆಂದು ಮೋರಿಯ ಮುಚ್ಚಳದ ಮೇಲೆಯೇ ಕಲ್ಲು ಹಾಸಿದ್ದರು. ಮಳೆಗಾಲದಲ್ಲಿ ಮೋರಿ ಕಟ್ಟಿತು. ಕಲ್ಲೊಡೆದು, ಒಬ್ಬಾತನು ಎದೆಮಟ್ಟಕ್ಕೆ ಇಳಿದು ಬರಿಗೈಯಿಂದ ಹೂಳು ತೆಗೆದನು. ಮಕ್ಕಳು ಮೂಗು ಮುಚ್ಚಿಕೊಂಡು ನೋಡಿದರು. ನಾನೂ ನೋಡಿದೆನೇ ಹೊರತು ತಡೆಯಲಿಲ್ಲ. ಆ ವಾರ ತರಗತಿಯಲ್ಲಿ ನಡೆಯುತ್ತಿದ್ದುದು ಸಿಂಧೂ ಕಣಿವೆಯ ಪಾಠ.

ಹೀಗೆ ಇಳಿದವರಲ್ಲಿ ಎಷ್ಟೋ ಮಂದಿ ವಿಷವಾಯುವಿಗೆ ಸಿಕ್ಕಿ ಮೇಲೆ ಬರಲಿಲ್ಲ. ಇಳಿಯುವ ಕೆಲಸವನ್ನು ನಮ್ಮ ಸಮಾಜ ಕೆಲವು ಜಾತಿಗಳ ಮೇಲೆಯೇ ಹೊರಿಸಿತು. ಕೋಲಾರದ ಚಿನ್ನದ ಗಣಿಯೂರಿನಲ್ಲಿ ಅಂಥ ಮನೆಯೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಇದರ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ರಕ್ಷಣೆಯಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಹಾಗೆ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ವಿಧಿಸಿದೆ.

ಮನೆ ಕಟ್ಟಿಸುವವರು ಬಾಗಿಲ ಕೆತ್ತನೆಯನ್ನು ಹತ್ತು ಸಲ ವಿಚಾರಿಸುತ್ತಾರೆ. ಮೋರಿ ಕಟ್ಟಿಕೊಂಡರೆ ಎಲ್ಲಿ ತೆರೆಯಬೇಕೆಂದು ಮೇಸ್ತ್ರಿಯನ್ನು ಒಂದು ಸಲವಾದರೂ ಕೇಳಲಿ. ಉಪಾಧ್ಯಾಯರಾದ ನಾವು ಸಿಂಧೂ ಕಣಿವೆಯ ಪಾಠ ಬಂದ ದಿನ ಮಕ್ಕಳನ್ನು ಶಾಲೆಯ ಹಿತ್ತಲಿಗೆ ಕರೆದೊಯ್ದು, ನಮ್ಮ ಮೋರಿಯ ಮುಚ್ಚಳ ಎಲ್ಲಿದೆಯೆಂದು ಅವರಿಂದಲೇ ಹುಡುಕಿಸೋಣ.