ಕಿರಿಯರ ಹಾಕಿ ವಿಶ್ವಕಪ್ ಮತ್ತು ನಮ್ಮ ಖಾಲಿ ಅಂಗಳಗಳು

ಬೇಸಿಗೆ ಬಂತೆಂದರೆ ಕೊಡಗಿನ ಕೌಟುಂಬಿಕ ಹಾಕಿ ಉತ್ಸವದ ಸುದ್ದಿ ಪತ್ರಿಕೆಗಳನ್ನು ತುಂಬುತ್ತದೆ. ಜತೆಗೇ ‘ಹಾಕಿ ಕೊಡವರ ರಕ್ತದಲ್ಲೇ ಇದೆ’ ಎಂಬ ಮಾತೂ ಬರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ತಂಡಗಳನ್ನು ಕಟ್ಟಿಕೊಂಡು ಆರಂಭಿಸಿದ ಉತ್ಸವ, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ ಹೊತ್ತಿಗೆ 396 ತಂಡಗಳಿಗೆ ಬೆಳೆದದ್ದು ಹೆಮ್ಮೆಯ ಸಂಗತಿ. ಆದರೆ ರಕ್ತದ ಮಾತು ಕನ್ನಡಿಗರ ಹಾಕಿಗೆ ಒಳ್ಳೆಯದನ್ನು ಮಾಡಿಲ್ಲ. ಆಟ ರಕ್ತದಲ್ಲೇ ಬರುವುದಾದರೆ ಬೇರೆ ಊರುಗಳಿಗೆ ಟರ್ಫ್ ಯಾಕೆ, ಕ್ರೀಡಾ ಹಾಸ್ಟೆಲ್ ಯಾಕೆ ಎಂದು ಕೇಳುವವರಿಗೆ ಅದು ಸುಲಭದ ನೆಪವಾಯಿತು. ಈ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯಬೇಕಾದರೆ ಕಿರಿಯರ ವಿಶ್ವಕಪ್‌ನ ಚರಿತ್ರೆ ನೋಡಬೇಕು.

21 ವರ್ಷದೊಳಗಿನವರ ಈ ಪಂದ್ಯಾವಳಿ ಶುರುವಾದದ್ದು 1979ರಲ್ಲಿ, ಫ್ರಾನ್ಸಿನ ವರ್ಸೈನಲ್ಲಿ. ಮೊದಲ ಕಪ್ ಪಾಕಿಸ್ತಾನದ ಪಾಲಾಯಿತು. ಆಮೇಲೆ ಕ್ವಾಲಾಲಂಪುರ, ವ್ಯಾಂಕೂವರ್, ಇಪೋ, ಟೆರಾಸಾ – ನಾಲ್ಕೂ ಕಡೆ ಗೆದ್ದವರು ಜರ್ಮನರೇ. 1997ರಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಭಾರತ ಫೈನಲ್ ತಲುಪಿ ಆಸ್ಟ್ರೇಲಿಯಾಕ್ಕೆ ಸೋತಿತು. ಆಗೆಲ್ಲ ಮೂರು ನಾಲ್ಕು ವರ್ಷಕ್ಕೊಮ್ಮೆ ಟೂರ್ನಿ. ಹುಟ್ಟಿದ ವರ್ಷ ಒಂದಿಷ್ಟು ಹಿಂದುಮುಂದಾದರೆ ಒಳ್ಳೆಯ ಆಟಗಾರನಿಗೂ ಅವಕಾಶ ತಪ್ಪುತ್ತಿತ್ತು. ಐಸ್ ಹಾಕಿಯವರು ಈ ವಿಷಯದಲ್ಲಿ ಜಾಣರು. ಅವರ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ಪ್ರತಿ ವರ್ಷ ಕ್ರಿಸ್‌ಮಸ್ ಮರುದಿನದಿಂದ ನಡೆಯುತ್ತದೆ, ಕೆನಡಾದಲ್ಲಿ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುತ್ತಾರೆ. ನಮ್ಮ ಹಾಕಿ ಎರಡು ವರ್ಷಕ್ಕೊಮ್ಮೆ ಎಂಬಲ್ಲಿಗೆ ಬಂದದ್ದೇ ಈಚೆಗೆ.

2001ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಭಾರತ ಫೈನಲ್‌ನಲ್ಲಿ ಅರ್ಜೆಂಟೀನಾವನ್ನು 6–1ರಿಂದ ಸೋಲಿಸಿ ಕಪ್ ಗೆದ್ದಿತು. ಆ ತಂಡದ ಆಟ ನೋಡಿದವರು ಅದನ್ನು ಮರೆತಿಲ್ಲ. ಮುಂಪಡೆಯಲ್ಲಿ ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್, ಪ್ರಭಜೋತ್ ಸಿಂಗ್. ಪೆನಾಲ್ಟಿ ಕಾರ್ನರ್‌ಗೆ ಜುಗರಾಜ್ ಸಿಂಗ್. ಅವರ ಜತೆ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ. ಟರ್ಫ್ ಮೇಲೆ ಯೂರೋಪಿನವರ ವೇಗಕ್ಕೆ ಸರಿಸಮನಾಗಿ ಓಡಿದ, ಅದರ ಜತೆಗೇ ಡ್ರಿಬ್ಲಿಂಗ್ ಬಿಡದ ತಂಡವದು. ಅರ್ಜುನ್ ಮುಂದೆ ಅಥೆನ್ಸ್ ಒಲಿಂಪಿಕ್ಸ್ ಆಡಿದರು. ಭಾರತದ ಹಾಕಿಗೆ ಆ ದಶಕದಲ್ಲಿ ಉಸಿರು ಕೊಟ್ಟದ್ದು ಹೋಬಾರ್ಟ್ ಪೀಳಿಗೆಯೇ. ಅದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಟರ್ಫ್ ಯಾಕೆ ಮುಖ್ಯ ಎಂಬುದು ಅಂಗಳದ ಅಂಚಿನಲ್ಲಿ ನಿಂತರೆ ತಿಳಿಯುತ್ತದೆ. ಮಣ್ಣಿನ ನೆಲದಲ್ಲಿ ಚೆಂಡು ಯಾವ ಕಲ್ಲಿಗೆ ತಾಗಿ ಎತ್ತ ಪುಟಿಯುವುದೋ ಹೇಳಲಾಗದು. ಹುಡುಗ ಸ್ಟಿಕ್ಕನ್ನು ನೆಟ್ಟಗೆ ಹಿಡಿದು ಹೆದರಿಕೆಯಿಂದಲೇ ಚೆಂಡನ್ನು ತಡೆಯುತ್ತಾನೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಜಾರಿಕೊಂಡು ಬರುತ್ತದೆ. ಅಲ್ಲಿ ಮೊಣಕಾಲು ಬಗ್ಗಿಸಿ, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ, ಓಡುತ್ತಲೇ ಅದನ್ನು ಹಿಡಿಯಬೇಕು. ಡ್ರ್ಯಾಗ್ ಫ್ಲಿಕ್ ಹೊಡೆಯುವವನು ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಳೆದು ಬೀಸಬೇಕು. ಗುಂಡಿಬಿದ್ದ ನೆಲದಲ್ಲಿ ಅದು ಆಗದ ಕೆಲಸ. ಹದಿನಾಲ್ಕರ ಹೊತ್ತಿಗೆ ಕೂಡದ ಈ ಕಲೆ ಇಪ್ಪತ್ತಕ್ಕೆ ಕೂಡುವುದು ಕಷ್ಟ.

ಹೋಬಾರ್ಟ್ ನಂತರ ಇಳಿಗಾಲ. 2005ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಾಲ್ಕನೆಯ ಸ್ಥಾನ, 2009ರಲ್ಲಿ ಒಂಬತ್ತನೆಯದು, 2013ರಲ್ಲಿ ದೆಹಲಿಯ ನಮ್ಮದೇ ಅಂಗಳದಲ್ಲಿ ಹತ್ತನೆಯದು.

ಕನ್ನಡಿಗರು ಗಮನಿಸಬೇಕಾದ ವರ್ಷ 2016. ಆ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್ ಆಡಿದ ತಂಡದಲ್ಲಿ ಕೊಡಗಿನ ನಾಲ್ವರಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಇಲ್ಲಿ ಎಲ್ಲರೂ ಹಬ್ಬ ಮಾಡಿದರು. ಅದೇ ಡಿಸೆಂಬರ್‌ನಲ್ಲಿ ಲಖನೌದಲ್ಲಿ ಹರೇಂದ್ರ ಸಿಂಗ್ ತರಬೇತಿಯ ಕಿರಿಯರು ಬೆಲ್ಜಿಯಂ ತಂಡವನ್ನು 2–1ರಿಂದ ಮಣಿಸಿ 15 ವರ್ಷದ ಬಳಿಕ ಕಪ್ ತಂದರು. ಆ ತಂಡದಲ್ಲಿ ಕರ್ನಾಟಕದ ಒಬ್ಬ ಹುಡುಗನೂ ಇರಲಿಲ್ಲ. ಅದನ್ನು ಇಲ್ಲಿ ಯಾರೂ ಗಮನಿಸಲಿಲ್ಲ. ಲಖನೌದಲ್ಲಿ ಗೆದ್ದ ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ನೀಲಕಂಠ ಶರ್ಮ ಸೇರಿ ಏಳು ಮಂದಿ ಟೋಕಿಯೊದಲ್ಲಿ ಕಂಚು ತೊಟ್ಟಾಗ ಕರ್ನಾಟಕದ ಜಾಗ ಖಾಲಿ. ಪ್ಯಾರಿಸ್‌ನಲ್ಲೂ ಖಾಲಿ. ಕಿರಿಯರ ತಂಡದ ಪಟ್ಟಿ ಐದು ವರ್ಷ ಮುಂಚೆಯೇ ಕೊಟ್ಟ ಎಚ್ಚರಿಕೆ ಅದು. ಕುಟುಂಬ ಹಾಕಿಯ ತಂಡಗಳು ಹೆಚ್ಚುತ್ತಲೇ ಇದ್ದ ಕಾಲದಲ್ಲಿ ಹೀಗಾಯಿತು ಎಂಬುದನ್ನು ರಕ್ತದ ವಾದದವರು ವಿವರಿಸಬೇಕು.

ಕೊಡಗು ಆಟಗಾರರನ್ನು ಕೊಟ್ಟದ್ದರ ಹಿಂದೆ ಪೊನ್ನಂಪೇಟೆಯ ಹಾಸ್ಟೆಲ್, ಕೂಡಿಗೆಯ ಕ್ರೀಡಾ ಶಾಲೆ, ಬೆಂಗಳೂರಿನ ಸೇನಾ ತಂಡಗಳು, ಶಾಂತಿನಗರದ ಕ್ರೀಡಾಂಗಣ ಇವೆ. ಎರಡು ಒಲಿಂಪಿಕ್ಸ್ ಆಡಿದ ಸುನಿಲ್ ಸೋಮವಾರಪೇಟೆಯ ಬಡಗಿಯೊಬ್ಬರ ಮಗ, ಬಿದಿರಿನ ಕೋಲಿನಲ್ಲಿ ಆಟ ಕಲಿತವರು. ಹಾಸ್ಟೆಲ್ ಎಂಬುದು ಏನು ಮಾಡಬಲ್ಲದು ಎಂಬುದಕ್ಕೆ ಒಡಿಶಾದ ಸುಂದರಗಢಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಾನ್ಪೋಷ್‌ನಂಥ ಹಾಸ್ಟೆಲ್‌ಗಳು ಆದಿವಾಸಿ ಹಳ್ಳಿಗಳ ಮಕ್ಕಳಿಗೆ ಊಟ, ಓದು, ಟರ್ಫ್ ಮೂರನ್ನೂ ಒಟ್ಟಿಗೆ ಕೊಟ್ಟವು.

ಈಚೆಗೆ ಸ್ವಲ್ಪ ಬೆಳಕು ಕಾಣುತ್ತಿದೆ. 2023ರಲ್ಲಿ ಕ್ವಾಲಾಲಂಪುರದಲ್ಲಿ ನಾಲ್ಕನೆಯದಾದ ತಂಡದಲ್ಲಿ ಸಿ.ಬಿ. ಪೂವಣ್ಣ ಇದ್ದರು. 2025ರಲ್ಲಿ ಮೊದಲ ಬಾರಿಗೆ 24 ತಂಡಗಳು ಚೆನ್ನೈ, ಮಧುರೈಗಳಲ್ಲಿ ಆಡಿದಾಗ ಅರ್ಜೆಂಟೀನಾವನ್ನು ಸೋಲಿಸಿ ಕಂಚು ಗೆದ್ದ ಭಾರತ ತಂಡದಲ್ಲಿ ಸುನಿಲ್ ಪಾಲಾಕ್ಷಪ್ಪ ಬೆನ್ನೂರ ಎಂಬ ಹೆಸರಿತ್ತು. ಕೊಡವ ಮನೆತನದ ಹೆಸರಲ್ಲ ಅದು. ಬಯಲುಸೀಮೆಯ ಪೋಷಕರು ಆ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಬಯಲುಸೀಮೆಯ ಪೂರ್ವದ ಅಂಚಿಗೆ ಬಂದರೆ ಕಥೆ ಇನ್ನೂ ಬಡವಾಗುತ್ತದೆ. ಆದೋನಿ, ಆಲೂರು ಸೀಮೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಈಗ ಇಲ್ಲಿನ ಕನ್ನಡ ಮಕ್ಕಳ ಆಟ ಬೆಂಗಳೂರಿಗೂ ದೂರ, ಆಂಧ್ರದ ರಾಜಧಾನಿಗೂ ದೂರ. ಗಡಿಯಾಚೆ ತೋರಣಗಲ್ಲಿನ ಹತ್ತಿರ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ದೇಶದಲ್ಲೇ ಉತ್ತಮ ಸೌಲಭ್ಯವಿದೆ, ಹಾಕಿ ಇಲ್ಲ. ದಕ್ಷಿಣಕ್ಕೆ ಅನಂತಪುರದಲ್ಲಿ ಮಾತ್ರ, ಬಾರ್ಸಿಲೋನಾದಿಂದ ಬಂದ ವಿಸೆಂಟೆ ಫೆರರ್ 1969ರಲ್ಲಿ ಕಟ್ಟಿದ ಆರ್‌ಡಿಟಿ ಸಂಸ್ಥೆಯ ಕ್ರೀಡಾಗ್ರಾಮ ಹಳ್ಳಿಯ ಹುಡುಗ ಹುಡುಗಿಯರ ಕೈಗೆ ಹಾಕಿ ಸ್ಟಿಕ್ ಕೊಟ್ಟಿದೆ. ಅದೇ ಬಿಸಿಲು, ಅದೇ ರಾಗಿ ಜೋಳ ತಿನ್ನುವ ಮಕ್ಕಳು. ಅಲ್ಲಿ ಆದದ್ದು ಆದೋನಿಯಲ್ಲಿ ಆಗದಿರಲು ಕಾರಣವಿಲ್ಲ.

ಆದೋನಿಯ ಹತ್ತಿ ವ್ಯಾಪಾರಿಗಳು, ಬಳ್ಳಾರಿಯ ಗಣಿ ಉದ್ಯಮಿಗಳು, ಎರಡೂ ರಾಜ್ಯಗಳ ಕ್ರೀಡಾ ಇಲಾಖೆಗಳು ಕೂಡಿ ಈ ಗಡಿ ಸೀಮೆಗೆ ಒಂದು ಟರ್ಫ್, ಅದರ ಪಕ್ಕದಲ್ಲೊಂದು ಹಾಸ್ಟೆಲ್ ಕಟ್ಟಿಸಿಕೊಡಲಿ. ಇಂದು ಆರನೆಯ ತರಗತಿಯಲ್ಲಿರುವ ಮಕ್ಕಳಿಗೆ ಕಿರಿಯರ ವಿಶ್ವಕಪ್ ವಯಸ್ಸು ಮೀರಲು ಇನ್ನೂ ಹತ್ತು ವರ್ಷವಿದೆ.