ಯಾದವಗಿರಿಯ ಜಾವಾ: ಒಂದು ಯಂತ್ರಚರಿತೆ

1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೋಟಾರು ಸೈಕಲ್ಲುಗಳ ತಯಾರಿಕೆ ಮೊದಲಾದಾಗ, ಅದುವರೆಗೆ ರೇಷ್ಮೆಗೂ ಶ್ರೀಗಂಧದೆಣ್ಣೆಗೂ ಹೆಸರಾಗಿದ್ದ ಆ ನಗರಕ್ಕೆ ಯಂತ್ರೋದ್ಯಮದ ನೂತನ ಕೀರ್ತಿಯೊಂದು ಕೂಡಿಕೊಂಡಿತು. ರುಸ್ತುಂ ಮತ್ತು ಫರ್ರೋಖ್ ಇರಾನಿಯವರು ಝೆಕೊಸ್ಲೊವಾಕಿಯದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು ಕಟ್ಟಿದ ಈ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಒಂದು ಮೋಟಾರು ಸೈಕಲ್ಲನ್ನು ಮತ್ತೊಂದರೊಡನೆ ಹೋಲಿಸುವವರು ಎಂಜಿನ್ನಿನ ಸ್ವಭಾವ, ರಸ್ತೆಯ ಮೇಲಿನ ಹಿಡಿತ, ನಿತ್ಯದ ಬಳಕೆಯಲ್ಲಿನ ಸೌಖ್ಯ ಎಂಬ ಮೂರು ಗುಣಗಳನ್ನು ಬಿಡಿಬಿಡಿಯಾಗಿ ಎಣಿಸುವುದು ವಾಡಿಕೆ. ಆದರೆ ಯಾದವಗಿರಿಯ ಚರಿತ್ರೆಯನ್ನು ಸಾವಧಾನವಾಗಿ ಅವಲೋಕಿಸಿದಲ್ಲಿ, ಈ ಮೂರೂ ಒಂದೇ ಮೂಲದಿಂದ ಹೊರಟವೆಂಬುದೂ, ವಾಹನವು ಯಾರಿಗಾಗಿ, ಎಂತಹ ಕಾಲದಲ್ಲಿ, ಎಂತಹ ರಸ್ತೆಗಾಗಿ ನಿರ್ಮಿತವಾಯಿತೆಂಬುದೇ ಆ ಮೂಲವೆಂಬುದೂ ಸ್ಪಷ್ಟವಾಗುತ್ತದೆ.

ಜಾವಾ ಸಂಸ್ಥೆಯ ಸ್ಥಾಪಕನಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಹಕ್ಕು ಪಡೆದು ಮೊದಲು ತಯಾರಿಸಿದ್ದು 500 ಸಿ.ಸಿ.ಯ ದುಬಾರಿ ವಾಹನವನ್ನು. ಅದೇ ಸಮಯಕ್ಕೆ ಜಗತ್ತನ್ನು ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಅಂತಹುದನ್ನು ಕೊಳ್ಳುವ ಶಕ್ತಿ ಜನಸಾಮಾನ್ಯರಿಗೆ ಇರಲಿಲ್ಲವಾದುದರಿಂದ, 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ನನ್ನು ಅಳವಡಿಸಿದ 175 ಸಿ.ಸಿ.ಯ ಹಗುರವಾದ, ಅಗ್ಗದ ವಾಹನವೊಂದನ್ನು ಆತ ಹೊರತಂದನು. ಸಂಸ್ಥೆ ಉಳಿದುದೂ ಬೆಳೆದುದೂ ಅದರಿಂದಲೇ. ಸಾಧಾರಣ ಮನುಷ್ಯನ ಕೈಗೆಟುಕಬೇಕು, ಆತನ ಅನುದಿನದ ಕಾರ್ಯಕ್ಕೆ ಒದಗಬೇಕು ಎಂಬ ಸಂಕಲ್ಪವು ಅಂದಿನಿಂದ ಜಾವಾ ವಂಶದ ಲಕ್ಷಣವಾಗಿ ನಿಂತಿತು.

ಮೈಸೂರಿಗೆ ಬಂದ 250 ಸಿ.ಸಿ.ಯ ಜಾವಾದಲ್ಲಿ ಆ ಲಕ್ಷಣವು ಪೂರ್ಣವಾಗಿ ಮೈದಾಳಿದ್ದಿತು. ಅದರದು ಒಂದೇ ಸಿಲಿಂಡರಿನ, ಸುಮಾರು 12 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್ನು. ಸಿಲಿಂಡರು ಒಂದೇ ಆದರೂ ಹೊಗೆ ಹೋಗಲು ಎಡಬಲಗಳಲ್ಲಿ ಎರಡು ಸೈಲೆನ್ಸರುಗಳು. ಕಿಕ್ಕು ಹೊಡೆಯಲೂ ಗೇರು ಬದಲಿಸಲೂ ಇದ್ದುದು ಒಂದೇ ಸನ್ನೆ. ಗೇರನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡು ಬೇರೆ. ಚೈನನ್ನು ಆದ್ಯಂತವಾಗಿ ತಗಡಿನ ಕವಚದಲ್ಲಿ ಮುಚ್ಚಿದ್ದರಿಂದ ಧೂಳಿನ ಹಾದಿಯಲ್ಲೂ ಅದು ಬೇಗ ಸವೆಯುತ್ತಿರಲಿಲ್ಲ, ಸವಾರನ ಪಂಚೆ ಅಥವಾ ಷರಾಯಿಗೆ ಎಣ್ಣೆಯ ಕಲೆಯೂ ತಗಲುತ್ತಿರಲಿಲ್ಲ. 16 ಅಂಗುಲದ ಚಿಕ್ಕ ಚಕ್ರಗಳಿಂದಾಗಿ ಆಸನವು ನೆಲಕ್ಕೆ ಹತ್ತಿರವಾಗಿ, ಕುಳ್ಳನಾದ ಸವಾರನೂ ಎರಡು ಕಾಲುಗಳನ್ನು ನೆಲಕ್ಕೂರಿ ಸಂತೆಯ ಜನಸಂದಣಿಯಲ್ಲಿ ಧೈರ್ಯವಾಗಿ ಸಾಗಬಹುದಾಗಿದ್ದಿತು.

ಮದರಾಸಿನ ಬುಲೆಟ್ಟು ಇದಕ್ಕಿಂತ ತೀರ ಭಿನ್ನವಾದ ಪ್ರಕೃತಿಯದು. ಸೈನ್ಯಕ್ಕೆ ಬೇಕಾದ 350 ಸಿ.ಸಿ.ಯ ವಾಹನಗಳನ್ನು ಒದಗಿಸುವ ನಿಮಿತ್ತವಾಗಿ 1955ರಲ್ಲಿ ಅಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿತವಾಯಿತು. 70 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ ಪಿಸ್ಟನ್ನು 90 ಮಿ.ಮೀ. ದೂರ ಚಲಿಸುವ, ಭಾರವಾದ ಚಕ್ರವನ್ನು ಒಡಲಲ್ಲಿ ಹೊತ್ತ ಈ ಫೋರ್ ಸ್ಟ್ರೋಕ್ ಎಂಜಿನ್ನು ಅವಸರವನ್ನೇ ಅರಿಯದು. ನಿಧಾನವಾಗಿ ತಿರುಗುತ್ತಲೇ, ಗೇರು ಇಳಿಸುವ ಅಗತ್ಯವಿಲ್ಲದೆ, ಹೊರೆಯನ್ನು ಏರಿಗೆ ಎಳೆದೊಯ್ಯುವುದೇ ಅದರ ಗುಣ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಬರುವ ಅದರ ವಿನ್ಯಾಸವನ್ನೂ, ಡೀಕಂಪ್ರೆಸರ್ ಎಳೆದು ಆಮ್‌ಮೀಟರಿನ ಮುಳ್ಳನ್ನು ಗಮನಿಸಿ ಕಿಕ್ಕು ಹೊಡೆಯುವ ವಿಧಾನವನ್ನೂ ಸವಾರನು ಶ್ರದ್ಧೆಯಿಂದ ಕಲಿಯಬೇಕಿದ್ದಿತು.

ಈ ಎರಡರ ಅಂತರವು ಪಶ್ಚಿಮಘಟ್ಟದ ಇಳಿಜಾರಿನಲ್ಲಿ ಎದ್ದು ಕಾಣುತ್ತಿದ್ದಿತು. ಬುಲೆಟ್ಟಿನ ಆಕ್ಸಿಲರೇಟರನ್ನು ಮುಚ್ಚಿದರೆ ಎಂಜಿನ್ನೇ ವೇಗವನ್ನು ತಡೆದು ಬ್ರೇಕಿಗೆ ನೆರವಾಗುತ್ತದೆ. ಜಾವಾದಲ್ಲಿ ಆ ತಡೆ ಅತ್ಯಲ್ಪ. ಮೇಲಾಗಿ ಎಂಜಿನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತು ಬರುವುದರಿಂದ, ದೀರ್ಘವಾದ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಮುಚ್ಚಿಯೇ ಇಟ್ಟರೆ ಪಿಸ್ಟನ್ನಿಗೆ ಎಣ್ಣೆ ಸಾಲದೆ ಹೋಗುವ ಭಯವುಂಟು. ಆದಕಾರಣ ಬಲ್ಲ ಸವಾರನು ಆಗುಂಬೆಯಂತಹ ಘಟ್ಟವನ್ನಿಳಿಯುವಾಗ ನಡುನಡುವೆ ಆಕ್ಸಿಲರೇಟರನ್ನು ಅರೆಕ್ಷಣ ತಿರುಗಿಸಿ ಎಂಜಿನ್ನಿಗೆ ಎಣ್ಣೆಯುಣಿಸುತ್ತಿದ್ದನು. ಆದರೆ ಜಾವಾದಲ್ಲಿ ಕವಾಟಗಳ ಗೊಂದಲವಿರಲಿಲ್ಲ. ಚಲಿಸುವ ಭಾಗಗಳು ಕಡಿಮೆಯಾದ್ದರಿಂದ, ಸೈಲೆನ್ಸರು ಬಿಚ್ಚಿ ಮಸಿ ತೆಗೆಯುವ ಕೆಲಸವು ತಾಲ್ಲೂಕು ಕೇಂದ್ರದ ಯಾವ ಮೆಕ್ಯಾನಿಕ್ಕಿಗಾದರೂ ಸಾಧ್ಯವಾಗಿದ್ದಿತು.

1960ರ ದಶಕದಲ್ಲಿಯೇ ಎಸ್ಕಾರ್ಟ್ಸ್ ಸಂಸ್ಥೆಯು ಪೋಲೆಂಡಿನ ಮಾದರಿಯಿಂದ ತಯಾರಿಸಿದ 175 ಸಿ.ಸಿ.ಯ ರಾಜದೂತ್, ಮೂರೇ ಗೇರುಗಳ ದೃಢಕಾಯದಿಂದ ಹಾಲಿನ ಕ್ಯಾನುಗಳನ್ನು ಹೊರುತ್ತ ಗ್ರಾಮಾಂತರಗಳಲ್ಲಿ ನೆಲೆಸಿತು. ಅದೇ ಸಂಸ್ಥೆ 1983ರಲ್ಲಿ ಯಮಹಾದ ನೆರವಿನಿಂದ ತಂದ ಎರಡು ಸಿಲಿಂಡರಿನ, ಆರು ಗೇರುಗಳ ರಾಜದೂತ್ 350ರ ಶಕ್ತಿಯಾದರೋ ಸುಮಾರು 30 ಅಶ್ವಶಕ್ತಿ. ಪರಂತು ಪೆಟ್ರೋಲನ್ನು ಧಾರಾಳವಾಗಿ ಬೇಡುತ್ತಿದ್ದ ಆ ವಾಹನವನ್ನು ಸಾಕುವ ಸಾಮರ್ಥ್ಯ ಬಹುಮಂದಿಗೆ ಇಲ್ಲದ್ದರಿಂದ, ಅದರ ಉತ್ಪಾದನೆಯು ಒಂದು ದಶಕವನ್ನೂ ಕಾಣಲಿಲ್ಲ. ಶಕ್ತಿಯೊಂದೇ ವಾಹನದ ಆಯುಷ್ಯವನ್ನು ನಿರ್ಣಯಿಸುವುದಾಗಿದ್ದರೆ ಫಲವು ಬೇರೆಯಾಗಿರುತ್ತಿದ್ದಿತು.

ಮೈಸೂರಿನ ಕಾರ್ಖಾನೆಯು 1970ರ ದಶಕದಲ್ಲಿ ಯೆಜ್ದಿ ಎಂಬ ತನ್ನದೇ ಹೆಸರನ್ನು ತಳೆದು, ಆ ದಶಕದ ಕೊನೆಗೆ 16 ಅಶ್ವಶಕ್ತಿಯ ರೋಡ್‌ಕಿಂಗನ್ನು ಹೊರತಂದಿತು. ಆದರೆ 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಬಂದ ಮೇಲೆ ಜನರ ಅಳತೆಗೋಲೇ ಬದಲಾಯಿತು. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಎಂಬ ಪ್ರಶ್ನೆಯು ಇನ್ನೆಲ್ಲ ಪ್ರಶ್ನೆಗಳನ್ನು ನುಂಗಿತು. ಪೆಟ್ರೋಲಿಗೆ ಎಣ್ಣೆ ಬೆರೆಸುವ ತೊಡಕಿಲ್ಲದ ಆ ಪುಟ್ಟ ಫೋರ್ ಸ್ಟ್ರೋಕ್ ವಾಹನವು ಸಂಬಳದಲ್ಲಿ ಬದುಕುವ ಸಂಸಾರಕ್ಕೆ ನಿಜಕ್ಕೂ ಉಪಕಾರ ಮಾಡಿತೆಂಬುದನ್ನು ಅಲ್ಲಗಳೆಯಲಾಗದು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾಗುತ್ತ ಬರಲು, 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಸೋಲಿಸಿದ ವಾಹನವೂ ಸೋತ ವಾಹನದ ಮೂಲಸಂಕಲ್ಪವನ್ನೇ, ಅಂದರೆ ಸಾಮಾನ್ಯನ ಅನುಕೂಲವನ್ನೇ, ಮತ್ತಷ್ಟು ಚೆನ್ನಾಗಿ ನೆರವೇರಿಸಿತೆಂಬುದು ಈ ಚರಿತ್ರೆಯ ಮುಖ್ಯವಾದ ಪಾಠ.

2018ರಲ್ಲಿ ಜಾವಾ ಎಂಬ ಹೆಸರು ಪುನಃ ಮಾರುಕಟ್ಟೆಗೆ ಬಂದಿದೆಯಾದರೂ, ಆ ವಾಹನಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅವುಗಳ ಎಂಜಿನ್ನೂ ಫೋರ್ ಸ್ಟ್ರೋಕಿನದು. ಮೈಸೂರಿನಲ್ಲಿ ಉಳಿದಿರುವುದು ಹಳೆಯ ವಾಹನಗಳು ಮಾತ್ರವಲ್ಲ. ಮೂರೂವರೆ ದಶಕಗಳ ಕಾಲ ಅವುಗಳನ್ನು ಎರಕ ಹೊಯ್ದ, ಜೋಡಿಸಿದ, ದುರಸ್ತಿ ಮಾಡಿದ ಕೈಗಳಲ್ಲಿ ನೆಲೆಸಿರುವ ವಿದ್ಯೆ ಕೂಡ. ಆ ವಿದ್ಯೆಯನ್ನು ಬಲ್ಲವರು ಈಗ ವೃದ್ಧರಾಗಿದ್ದಾರೆ. ಅರಮನೆಯ ಶಿಲ್ಪಿಗಳ ಕೌಶಲವನ್ನು ಗೌರವದಿಂದ ಕಾಣುವ ನಗರವು, ತನ್ನ ಕಾರ್ಮಿಕರ ಈ ಕೌಶಲವನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡುವುದು ಯುಕ್ತ. ಅದಕ್ಕೆ ಮುಂದೆ ಇದಕ್ಕಿಂತ ಸಕಾಲವು ಒದಗಲಾರದು.